ಬೆಂಗಳೂರು ಬಿಟ್ಟು ಮಲೆನಾಡಿಗೆ ಹೋದರೆ ಅಸ್ತಮಾ ವಾಸಿಯಾಗುತ್ತದೆಯೇ?

ನೌಕರಿಗೆಂದು ಬೆಂಗಳೂರಿಗೆ ಬಂದ ಮೇಲೆ ಉಬ್ಬಸ ಶುರುವಾಯಿತು, ಮೊಸರು, ಬಾಳೆಹಣ್ಣು ಬಿಟ್ಟರೂ ಕಡಿಮೆಯಾಗಲಿಲ್ಲ, ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆಂಬ ಭಯವಿದೆ, ರಾಜೀನಾಮೆ ಕೊಟ್ಟು ಶುದ್ಧ ಗಾಳಿಯಿರುವ ಮಲೆನಾಡಿನ ಕಡೆ ಹೋಗಿಬಿಡಲೇ ಎಂದು ಕೇಳಿದ್ದೀರಿ. ನಾನು ಹಾಗೆಯೇ ಹೋದವನು. ಹೋದ ವರ್ಷದ ಮಳೆಗಾಲ ಮುಗಿಯುವುದರೊಳಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಮಾಸ್ಕ್ ಹಾಕಿಸಿಕೊಂಡು ಮಲಗಿದವನೂ ಹೌದು. ಆದ್ದರಿಂದ ಅಸ್ತಮಾಕ್ಕೆ ಯಾವ ಊರು ಒಳ್ಳೆಯದು ಎಂಬುದಕ್ಕೆ ನನ್ನಿಂದ ಉತ್ತರ ಸಿಗಲಾರದು; ಆ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ ಎಂದೇ ನಾನು ಹೇಳುವುದು. ನಾನು ವೈದ್ಯನಲ್ಲ, ಇಪ್ಪತ್ತು ವರ್ಷದಾಚೆಯಿಂದ ಈ ಕಾಯಿಲೆಯೊಡನೆ ಏಗುತ್ತಿರುವ ರೋಗಿ ಮಾತ್ರ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆ. ಚಿಕ್ಕವನಿದ್ದಾಗಲೂ ನನಗೆ ಉಬ್ಬಸವಿತ್ತು. ಅಪ್ಪ ಒಮ್ಮೆ ಮೃಗಶಿರ ಮಳೆ ಕೂಡುವ ಸಮಯಕ್ಕೆ ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಬತ್ತಿನಿ ಗೌಡ್ ಕುಟುಂಬದವರು ಜೀವಂತ ಕೊರಮೀನಿನ ಬಾಯಲ್ಲಿ ಔಷಧಿಯಿಟ್ಟು ನುಂಗಿಸುವ ಪದ್ಧತಿ 1845ರಿಂದ ನಡೆದುಬಂದಿದೆ ಎನ್ನುತ್ತಾರೆ. ಸಸ್ಯಾಹಾರಿಗಳಿಗೆ ಅದನ್ನೇ ಬೆಲ್ಲದಲ್ಲಿಟ್ಟು ಕೊಡುತ್ತಾರೆ. ನಾನು ನುಂಗಿದ್ದು ಬೆಲ್ಲದ್ದು. ಹೈಸ್ಕೂಲು ಮುಗಿಯುವ ಹೊತ್ತಿಗೆ ಉಬ್ಬಸ ತಾನಾಗಿ ಇಳಿಯಿತು. ಮಕ್ಕಳ ಅಸ್ತಮಾ ಹದಿಹರೆಯದಲ್ಲಿ ತಗ್ಗುವುದೂ ಕೆಲವರಲ್ಲಿ ಎಷ್ಟೋ ವರ್ಷಗಳ ನಂತರ ಮರಳುವುದೂ ಸಾಮಾನ್ಯ ಸಂಗತಿಯೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲವಾದ್ದರಿಂದ ಕೀರ್ತಿಯೆಲ್ಲ ಆ ಬೆಲ್ಲದ ಉಂಡೆಗೆ ಸಂದಿತು.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಮರಳಿ ಬಂತು. ರಾತ್ರಿ ಮೂರು ನಾಲ್ಕರ ಸುಮಾರಿಗೆ ಎದೆ ಬಿಗಿದು ಎಚ್ಚರವಾಗುವುದು, ಮೆಟ್ಟಿಲು ಹತ್ತಿದರೆ ಸುಯ್ ಎನ್ನುವುದು, ನೆಗಡಿ ಬಂದರೆ ಕೆಮ್ಮು ತಿಂಗಳುಗಟ್ಟಲೆ ನಿಲ್ಲದಿರುವುದು. ನೀವು ಬರೆದಿರುವುದೂ ಹೆಚ್ಚುಕಡಿಮೆ ಇದನ್ನೇ. ವೈದ್ಯರು ಎರಡು ಇನ್ಹೇಲರ್ ಬರೆದುಕೊಟ್ಟರು. ಒಂದು ದಿನಕ್ಕೆರಡು ಬಾರಿ ತಪ್ಪದೆ ಎಳೆದುಕೊಳ್ಳಬೇಕಾದ ಬುಡೆಸೊನೈಡ್, ಇನ್ನೊಂದು ಉಸಿರು ಕಟ್ಟಿದಾಗ ಮಾತ್ರ ಬಳಸಬೇಕಾದ ಸಾಲ್ಬ್ಯುಟಮಾಲ್. ಕೆಲವೇ ವಾರಗಳಲ್ಲಿ ರಾತ್ರಿಯ ನಿದ್ದೆ ಮರಳಿತು. ಆದರೆ ನಾನು ಔಷಧಿಗೆ ಕೃತಜ್ಞನಾಗುವ ಬದಲು ಊರಿನ ಮೇಲೆ ಸಿಟ್ಟಾದೆ. ಆ ಸಿಟ್ಟಿಗೆ ಆಧಾರವೇ ಇರಲಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರ ಹೊತ್ತಿಗೆ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದ್ದಾರೆ, ಆ ಏರಿಕೆಗೂ ವಾಹನಗಳ ಹೊಗೆಗೂ ಇರುವ ನಂಟನ್ನೂ ತೋರಿಸಿದ್ದಾರೆ. ಇಂಥ ಅಂಕಿಅಂಶಗಳನ್ನು ಓದಿ, ಬೆಂಗಳೂರೇ ರೋಗ, ಊರು ಬಿಡುವುದೇ ಮದ್ದು ಎಂದು ನಾನು ತೀರ್ಮಾನಿಸಿಬಿಟ್ಟೆ. ಬಾಲ್ಯದಲ್ಲಿ ಅದೇ ಮಲೆನಾಡಿನ ಮನೆಯಲ್ಲಿ ರಾತ್ರಿಯಿಡೀ ಕುಳಿತು ಉಸಿರಾಡಿದ್ದು ಹೇಗೋ ಲೆಕ್ಕಕ್ಕೇ ಬರಲಿಲ್ಲ.

ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿದ ವರ್ಷ, ಯುಗಾದಿ ಕಳೆದ ಮೇಲೆ ಹೆಂಡತಿಯೊಡನೆ ಊರಿಗೆ ಬಂದೆ. ಚೈತ್ರ, ವೈಶಾಖಗಳು ಅಷ್ಟು ಚೆನ್ನಾಗಿ ಕಳೆದವೆಂದರೆ ಗುಡ್ಡ ಹತ್ತಿ ಇಳಿದರೂ ಏದುಸಿರಿಲ್ಲ. ಆಗ ನಾನು ಬುಡೆಸೊನೈಡ್ ನಿಲ್ಲಿಸಿದೆ.

ಇದೇ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾಡುವಾಗ ಇದು ತಪ್ಪಿನ ಹಾಗೆ ಕಾಣುವುದೇ ಇಲ್ಲ. ಅಸ್ತಮಾದಲ್ಲಿ ಶ್ವಾಸನಾಳಗಳ ಒಳಗೋಡೆ ಸದಾ ಉರಿಯೂತದಿಂದ ಊದಿಕೊಂಡಿರುತ್ತದೆ, ಕಫ ಹೆಚ್ಚಾಗಿ ಕಟ್ಟುತ್ತದೆ, ಹಾಗೆ ಕೆರಳಿರುವ ನಾಳದ ಸುತ್ತಲಿನ ಸ್ನಾಯುಗಳು ಹೊಗೆಯೋ ತಂಡಿಯೋ ತಗುಲಿದೊಡನೆ ಬಿಗಿದುಕೊಳ್ಳುತ್ತವೆ. ಸಾಲ್ಬ್ಯುಟಮಾಲ್ ಈ ಸ್ನಾಯುಗಳನ್ನು ಐದು ನಿಮಿಷದೊಳಗೆ ಸಡಿಲಿಸುತ್ತದೆ, ಅದರ ಪರಿಣಾಮ ನಾಲ್ಕರಿಂದ ಆರು ಗಂಟೆ ಇರುತ್ತದೆ. ಒಳಗಿನ ಊತವನ್ನು ಅದು ಮುಟ್ಟುವುದೂ ಇಲ್ಲ. ಒಲೆ ಹೊಗೆಯುತ್ತಿರುವಾಗ ಬೆಂಕಿಯನ್ನು ನೋಡದೆ ಕಿಟಕಿಯನ್ನಷ್ಟೇ ತೆರೆದು ಕುಳಿತಂತೆ ಅದು. ಊತವನ್ನು ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಅದನ್ನು ಎಳೆದುಕೊಂಡ ಕ್ಷಣದಲ್ಲಿ ಏನೂ ಅನ್ನಿಸುವುದಿಲ್ಲ, ನಿಲ್ಲಿಸಿದ ದಿನವೂ ಏನೂ ಆಗುವುದಿಲ್ಲ. ಊತ ನಿಧಾನವಾಗಿ, ವಾರಗಳ ಅವಧಿಯಲ್ಲಿ ಮರಳುತ್ತದೆ. ಹೀಗಾಗಿ ಕೆಲಸ ಮಾಡುತ್ತಿರುವ ಔಷಧಿ ನಿಷ್ಪ್ರಯೋಜಕವೆಂದೂ, ತತ್ಕಾಲಕ್ಕೆ ಎದೆ ಬಿಚ್ಚುವ ಔಷಧಿಯೇ ನಿಜವಾದ ಔಷಧಿಯೆಂದೂ ನಮ್ಮ ದೇಹವೇ ನಮಗೆ ಸುಳ್ಳು ಪಾಠ ಹೇಳುತ್ತದೆ. ನಾನು ಆ ಪಾಠವನ್ನು ನಂಬಿದೆ. ಚೆನ್ನಾಗಿದ್ದದ್ದು ನಿಲ್ಲಿಸುವ ಮೊದಲು ಎಳೆದುಕೊಂಡ ಔಷಧಿಯಿಂದ, ಅದರ ಜೊತೆಗೆ ಬೇಸಿಗೆಯ ಒಣ ಹವೆಯಿಂದ. ನಾನು ಕೊಂಡಾಡಿದ್ದು ಊರಿನ ಗಾಳಿಯನ್ನು.

ಮಿಥುನ ಮಾಸದಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲ ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದ ನಿಮಗಾಗಿ ಹೇಳುತ್ತೇನೆ. ಚಪ್ಪಲಿಯ ಮೇಲೆ, ಚರ್ಮದ ಬೆಲ್ಟಿನ ಮೇಲೆ, ಪುಸ್ತಕದ ರಟ್ಟಿನ ಮೇಲೆ, ಕೊನೆಗೆ ದೇವರ ಪಟದ ಹಿಂಬದಿಯಲ್ಲಿಯೂ ಬೂಷ್ಟು ಬೆಳೆಯುತ್ತದೆ. ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲವಾದ್ದರಿಂದ ಅದನ್ನು ಬೆಂಕಿಯ ಕಾವಿಗೆ ಹರಡುತ್ತಾರೆ, ತೊಟ್ಟುಕೊಂಡ ಅಂಗಿಯಲ್ಲಿಯೇ ಹೊಗೆಯ ವಾಸನೆ ಕೂತಿರುತ್ತದೆ. ಬಚ್ಚಲ ಒಲೆಗೆ ಬೆಳಗಿನಿಂದ ಹಸಿ ಕಟ್ಟಿಗೆ, ಅಡಿಕೆ ಸಿಪ್ಪೆ, ತೆಂಗಿನ ಗರಿ ತುಂಬಿ ಹಂಡೆಯ ನೀರು ಕಾಯಿಸುತ್ತಾರೆ. ಮಳೆಯ ಭಾರಕ್ಕೆ ಆ ಹೊಗೆ ಮೇಲೇಳದೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಪಡಸಾಲೆಯವರೆಗೂ ಹಬ್ಬುತ್ತದೆ. ನಾನು ಮಲಗುತ್ತಿದ್ದದ್ದು ಅಟ್ಟದಿಂದ ಇಳಿಸಿದ, ಅಜ್ಜನ ಕಾಲದ ಬೂರುಗದ ಹತ್ತಿಯ ಹಾಸಿಗೆಯ ಮೇಲೆ. ಅದರೊಳಗೆ ಏನಿತ್ತೆಂದು ಆಮೇಲೆ ತಿಳಿಯಿತು. ಧೂಳಿನ ನುಸಿ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ. 50ಕ್ಕಿಂತ ಕೆಳಗಿಳಿದರೆ ಅದಕ್ಕೆ ಬದುಕುವುದು ಕಷ್ಟ. ಮಲೆನಾಡಿನ ಆಷಾಢದಲ್ಲಿ ಅದಕ್ಕೆ ಅಂಥ ಕಷ್ಟವೆಲ್ಲಿ ಬರಬೇಕು! ನಮ್ಮ ಶ್ವಾಸನಾಳವನ್ನು ಕೆರಳಿಸುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ತಲೆದಿಂಬನ್ನು ತಟ್ಟಿ ಸರಿಮಾಡಿಕೊಂಡಾಗೆಲ್ಲ ಅದು ಏಳುತ್ತದೆ.

ದಿನೇ ದಿನೇ ಸಾಲ್ಬ್ಯುಟಮಾಲ್ ಹೆಚ್ಚಾಯಿತು. ಮೊದಮೊದಲು ರಾತ್ರಿಗೊಂದು ಬಾರಿ, ಆಮೇಲೆ ಬೆಳಗ್ಗೆಯೂ, ಮುಂದೆ ಲೆಕ್ಕವೇ ಇಲ್ಲ. ಪೇಟೆಗೆ ಹೋದವರಿಗೆಲ್ಲ ಔಷಧಿ ಅಂಗಡಿಯಿಂದ ಒಂದೊಂದು ತರಲು ಹೇಳುತ್ತಿದ್ದೆ. "ಗಾಳಿ ಬದಲಾದರೆ ಹೀಗೆಯೇ, ಒಗ್ಗಿಕೊಂಡ ಮೇಲೆ ಸರಿಹೋಗುತ್ತದೆ ಮಾರಾಯಾ" ಎಂದು ದೊಡ್ಡಪ್ಪ ಹೇಳಿದ್ದನ್ನು ನಾನೂ ಹೆಂಡತಿಗೆ ಹೇಳಿ ಸಮಾಧಾನ ಮಾಡಿದೆ. ಪುನರ್ವಸು ಮಳೆಯ ಒಂದು ರಾತ್ರಿ ಮೊದಲು ನೆಗಡಿಯಾಗಿ, ಆಮೇಲೆ ಎದೆ ಕಟ್ಟಿತು. ಪಫ್ ಎಳೆದುಕೊಂಡರೆ ಅರ್ಧ ಗಂಟೆಯೂ ತಡೆಯಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ಮೊಣಕೈಗಳನ್ನು ಮಂಡಿಗೆ ಊರಿಕೊಂಡಿದ್ದ ನಾನು "ಕಾರು ತೆಗೆ" ಎಂಬ ಎರಡು ಪದಗಳ ನಡುವೆ ಉಸಿರೆಳೆದುಕೊಳ್ಳಬೇಕಾಯಿತು. ದಾರಿಯಲ್ಲಿ ಸುಯ್ ಸದ್ದು ಕಡಿಮೆಯಾದದ್ದನ್ನು ಕೇಳಿ ತಮ್ಮ, "ಅಣ್ಣಾ, ಕಡಿಮೆ ಆಯ್ತಲ್ವಾ?" ಎಂದು ಕೇಳಿದ. ಕಡಿಮೆಯಾಗಿರಲಿಲ್ಲ. ಸದ್ದು ಹೊರಡಿಸುವಷ್ಟು ಗಾಳಿಯೂ ಒಳಗೆ ಹೋಗುತ್ತಿರಲಿಲ್ಲ. ಇದನ್ನು ದಯವಿಟ್ಟು ನಿಮ್ಮ ಮನೆಯವರಿಗೆಲ್ಲ ಹೇಳಿಡಿ: ಉಬ್ಬಸದವರ ಎದೆ ಮೌನವಾದರೆ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯಬಾರದು, 108ಕ್ಕೆ ಕರೆ ಮಾಡಬೇಕು, ಕಾಯುವಷ್ಟು ಹೊತ್ತೂ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯ ಮೂಲಕ ಸಾಲ್ಬ್ಯುಟಮಾಲ್ ಕೊಡುತ್ತಿರಬೇಕು.

ಆಸ್ಪತ್ರೆಯಲ್ಲಿ ನೆಬ್ಯುಲೈಸರ್, ಸ್ಟೀರಾಯ್ಡ್ ಚುಚ್ಚುಮದ್ದು, ಆಮ್ಲಜನಕ ಎಲ್ಲವೂ ಆದವು. ಬಿಡುಗಡೆಯ ಹಿಂದಿನ ದಿನ ಅಲ್ಲಿಯ ಡಾಕ್ಟರಮ್ಮ ನನ್ನ ಹೆಂಡತಿಗೆ, ಮನೆಯಲ್ಲಿರುವ ಖಾಲಿ ಇನ್ಹೇಲರ್‌ಗಳನ್ನೆಲ್ಲ ತರಿಸಿ ಎಂದರು. ತಮ್ಮ ಅವನ್ನು ಒಂದು ಅಂಗಡಿ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದ. ಎಲ್ಲವೂ ನೀಲಿ, ಅಂದರೆ ಸಾಲ್ಬ್ಯುಟಮಾಲ್. ನಡುವೆ ಒಂದೇ ಒಂದು ಬುಡೆಸೊನೈಡ್, ಅದೂ ಅಲುಗಿಸಿದರೆ ಇನ್ನೂ ತುಂಬಿರುವ ಸದ್ದು ಮಾಡುತ್ತಿತ್ತು. ಅವರು ಬಯ್ಯಲಿಲ್ಲ. ಒಂದು ನೀಲಿ ಡಬ್ಬಿಯಲ್ಲಿ 200 ಪಫ್ ಇರುತ್ತವೆ, ವರ್ಷಕ್ಕೆ ಅಂಥ ಮೂರು ಡಬ್ಬಿ ಮುಗಿಸುವವರಿಗೇ ಇಂಥ ತೀವ್ರ ಉಬ್ಬಸದ ಅಪಾಯ ಹೆಚ್ಚು, ಹನ್ನೆರಡು ದಾಟಿದವರಲ್ಲಿ ಸಾವಿನ ಅಪಾಯವೇ ಏರುತ್ತದೆ ಎಂದು ಹೇಳಿ, ಆ ಮೇಜನ್ನು ನನಗೇ ಎಣಿಸಲು ಬಿಟ್ಟರು.

ಆಮೇಲೆ, "ಒಮ್ಮೆ ಎಳೆದು ತೋರಿಸಿ" ಎಂದರು. ವರ್ಷಗಳಿಂದ ಬಳಸುತ್ತಿದ್ದ ನಾನು ಆತ್ಮವಿಶ್ವಾಸದಿಂದ ಒತ್ತಿದೆ, ಬಾಯಿಯ ಅಂಚಿನಿಂದ ಬಿಳಿಯ ಹಬೆಯೊಂದು ಹೊರಗೆ ಬಂತು. ಔಷಧಿ ಹೊರಗೆ ಹೋಯಿತು, ಒಳಗೆ ಹೋದದ್ದರಲ್ಲಿಯೂ ಬಹುಪಾಲು ನಾಲಿಗೆಗೆ, ಗಂಟಲಿಗೆ ಅಂಟಿತು. ಸರಿಯಾದ ಕ್ರಮ ಇಷ್ಟೇ: ಡಬ್ಬಿಯನ್ನು ಚೆನ್ನಾಗಿ ಅಲುಗಿಸಿ, ಉಸಿರನ್ನು ಪೂರ್ತಿ ಹೊರಹಾಕಿ, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಒಳಗೆಳೆಯುತ್ತಿರುವಾಗಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಪೇಸರ್ ಕೊಳವೆಯನ್ನು ಸೇರಿಸಿಕೊಂಡರೆ ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ತಪ್ಪಿದರೂ ನಡೆಯುತ್ತದೆ. ಅದು ಮಕ್ಕಳಿಗೆ ಮಾತ್ರ ಎಂದು ನಾಚಿಕೊಳ್ಳಬೇಡಿ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಇನ್ಹೇಲರ್ ಆದರೆ ಕ್ರಮ ಬೇರೆ, ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಸ್ಟೀರಾಯ್ಡ್ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಲ್ಲಿ ಶಿಲೀಂಧ್ರದ ಬಿಳಿ ಪದರ ಕಟ್ಟುವುದು ತಪ್ಪುತ್ತದೆ.

ಇನ್ನು ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆಂಬ ನಿಮ್ಮ ಭಯ. ಈ ಮಾತು ನಮ್ಮಲ್ಲಿ ಎಷ್ಟು ಜನರ ಪ್ರಾಣಕ್ಕೆ ಸಂಚಕಾರ ತಂದಿದೆಯೋ ದೇವರೇ ಬಲ್ಲ. ಚಟ ಹಿಡಿಸುವ ಗುಣ ಅದಕ್ಕಿಲ್ಲ. ಕಾಯಿಲೆ ದೀರ್ಘಕಾಲದ್ದಾದ್ದರಿಂದ ಔಷಧಿಯೂ ದೀರ್ಘಕಾಲ ಬೇಕಾಗುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ಯಾರೂ ಚಟವೆನ್ನುವುದಿಲ್ಲವಲ್ಲ. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರುವವರು ಪ್ರಮಾಣವನ್ನು ನೋಡಬೇಕು. ಇನ್ಹೇಲರ್‌ನ ಒಂದು ಪಫ್‌ನಲ್ಲಿ ಇರುವುದು 100 ಅಥವಾ 200 ಮೈಕ್ರೋಗ್ರಾಂ, ಅದೂ ನೇರವಾಗಿ ಶ್ವಾಸನಾಳಕ್ಕೆ. ಇನ್ಹೇಲರ್ ಬೇಡವೆಂದು ಕಾದು, ಉಬ್ಬಸ ಕೆರಳಿದ ಮೇಲೆ ನುಂಗಬೇಕಾಗಿ ಬರುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ (ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ), ಅದು ಇಡೀ ಮೈಗೆ. ಸ್ಟೀರಾಯ್ಡ್‌ಗೆ ಹೆದರಿ ಓಡಿದವನು ಕೊನೆಗೆ ತಿನ್ನುವುದೇ ಹೆಚ್ಚು ಸ್ಟೀರಾಯ್ಡ್. ನನ್ನ ತಪ್ಪು ನನ್ನೊಬ್ಬನದೇ ಆಗಿರಲಿಲ್ಲವೆಂದೂ ಡಾಕ್ಟರಮ್ಮ ಹೇಳಿದರು. ಗ್ಲೋಬಲ್ ಇನಿಶಿಯೇಟಿವ್ ಫಾರ್ ಅಸ್ತಮಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2019ರಲ್ಲಿ ತನ್ನ ಮಾರ್ಗಸೂಚಿಯನ್ನು ಬದಲಿಸಿ, ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಸಾಲ್ಬ್ಯುಟಮಾಲ್ ಒಂದನ್ನೇ ಕೊಡುವ ಚಿಕಿತ್ಸೆ ಬೇಡವೆಂದು ಹೇಳಿತು. ಕಾಯಿಲೆ ಸೌಮ್ಯವಾಗಿದ್ದರೂ ಸರಿ, ಉರಿಯೂತ ಇಳಿಸುವ ಔಷಧಿ ಜೊತೆಗಿರಲೇಬೇಕು. ಈಗ ನನಗೆ ಬುಡೆಸೊನೈಡ್ ಮತ್ತು ಸ್ನಾಯುಗಳನ್ನು ಸಡಿಲಿಸುವ ಫಾರ್ಮೊಟೆರಾಲ್ ಕೂಡಿರುವ ಒಂದೇ ಇನ್ಹೇಲರ್ ಇದೆ. ದಿನಕ್ಕೂ ಅದೇ, ತುರ್ತಿಗೂ ಅದೇ. ನಿಮಗೆ ಅದು ಹೊಂದುತ್ತದೆಯೇ ಎಂಬುದನ್ನು ನಿಮ್ಮ ವೈದ್ಯರು ಹೇಳಬೇಕು.

ಒಂದು ವಿಷಯ ನಿಮಗೆ ವಿಚಿತ್ರವೆನ್ನಿಸಬಹುದು: ನಾನು ಈಗಲೂ ಅದೇ ಊರಿನಲ್ಲಿ, ಅದೇ ಮನೆಯಲ್ಲಿದ್ದೇನೆ, ಮಳೆಗಾಲದಲ್ಲಿಯೂ ನಿದ್ದೆ ಮಾಡುತ್ತೇನೆ. ಬೂರುಗದ ಹಾಸಿಗೆ ಹೋಗಿ, ಜಿಪ್ ಇರುವ ಹೊದಿಕೆಯೊಳಗೆ ಪೂರ್ತಿ ಮುಚ್ಚಿದ ಹಾಸಿಗೆ, ದಿಂಬು ಬಂದಿವೆ. ಬೆಡ್‌ಶೀಟುಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯುತ್ತೇವೆ. ಬಿಸಿಲಿಗೆ ಹಾಕುವುದು ಒಳ್ಳೆಯದೇ, ಆದರೆ ಸತ್ತ ನುಸಿಯ ಹಿಕ್ಕೆ ಬಟ್ಟೆಯಲ್ಲಿಯೇ ಉಳಿಯುವುದರಿಂದ ಒಗೆಯದೆ ಗತಿಯಿಲ್ಲ. ಬಚ್ಚಲ ಒಲೆಗೆ ಎತ್ತರದ ಚಿಮಣಿ ಬಂದಿದೆ, ಅಮ್ಮನ ವಿರೋಧದ ನಡುವೆಯೂ ಹಿತ್ತಿಲ ಕಡೆಯ ಬಾಗಿಲಿಗೆ ಗಟ್ಟಿ ಕದ ಬಂದಿದೆ. ಸೊಳ್ಳೆ ಬತ್ತಿಯ ಬದಲು ಸೊಳ್ಳೆಪರದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದು ಸೊಳ್ಳೆ ಬತ್ತಿ ಉರಿದು ಮುಗಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳದ್ದಕ್ಕೆ ಸಮ ಎಂದು ಅಳೆದು ಹೇಳಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಅದನ್ನು ಹಚ್ಚಿಟ್ಟುಕೊಂಡು ಬೆಂಗಳೂರಿನ ಹೊಗೆಯನ್ನು ಬಯ್ಯುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅಗರಬತ್ತಿ, ಸಾಂಬ್ರಾಣಿ ಧೂಪಕ್ಕೂ ಇದೇ ಮಾತು ಸಲ್ಲುತ್ತದೆ. ಒಣಮೆಣಸಿನಕಾಯಿಯ ಒಗ್ಗರಣೆ ಹಾಕುವಾಗ ನಾನು ಅಡುಗೆಮನೆಯಲ್ಲಿ ಇರುವುದಿಲ್ಲ, ಇದರಿಂದ ಮನೆಯಲ್ಲಿ ನನ್ನ ಗೌರವವೇನೂ ಹೆಚ್ಚಿಲ್ಲ.

ಹಳ್ಳಿಯ ಗಾಳಿ ಶುದ್ಧ ಎಂಬ ನಂಬಿಕೆಯ ವಿಷಯದಲ್ಲಿ ನಾನು ನಿಷ್ಠುರವಾಗಿಯೇ ಹೇಳುತ್ತೇನೆ. ಹೊಗೆ ಕಡಿಮೆಯಿದ್ದರೆ ಗಾಳಿ ಅಸ್ತಮಾ ರೋಗಿಗೆ ನಿರಪಾಯ ಎಂದು ಅರ್ಥವಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 2016ರ ನವೆಂಬರ್ 21ರ ಸಂಜೆ ಗುಡುಗು ಮಳೆ ಬಂತು. ಸುತ್ತಲಿನ ಹುಲ್ಲುಗಾವಲಿನ ರೈ ಹುಲ್ಲಿನ ಪರಾಗ ತೇವಕ್ಕೆ ಒಡೆದು ಸಣ್ಣ ಕಣಗಳಾಗಿ ಊರ ತುಂಬ ಹರಡಿ, ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗಳಿಗೆ ಧಾವಿಸಿದರು, ಹತ್ತು ಮಂದಿ ಸತ್ತರು. ಅವತ್ತು ಕೊಂದದ್ದು ಕಾರ್ಖಾನೆಯ ಹೊಗೆಯಲ್ಲ, ಹಸಿರು ಹುಲ್ಲು. ನಿಮ್ಮನ್ನು ಕೆರಳಿಸುವುದು ಬೆಂಗಳೂರಿನ ಡೀಸೆಲ್ ಹೊಗೆಯೋ, ಖಾಲಿ ಸೈಟಿನ ಕಾಂಗ್ರೆಸ್ ಗಿಡದ ಪರಾಗವೋ, ಬಾಡಿಗೆ ಮನೆಯ ಗೋಡೆಯ ಬೂಷ್ಟೋ, ಅಡುಗೆಮನೆಯ ಜಿರಳೆಯೋ ಎಂದು ತಿಳಿಯದೆ ಊರು ಬದಲಿಸುವುದು ಜೂಜಾಟ. ಅಲರ್ಜಿ ಪರೀಕ್ಷೆ ಒಂದಿಷ್ಟು ಹೇಳುತ್ತದೆ, ನಿಮ್ಮದೇ ದಿನಚರಿ ಅದಕ್ಕಿಂತ ಹೆಚ್ಚು ಹೇಳುತ್ತದೆ. ಪೀಕ್ ಫ್ಲೋ ಮೀಟರ್ ಎಂಬ ಅಗ್ಗದ ಉಪಕರಣವೊಂದು ಸಿಗುತ್ತದೆ. ಬೆಳಗ್ಗೆ, ಸಂಜೆ ಊದಿ ಸಂಖ್ಯೆ ಬರೆದಿಡಿ, ಆ ದಿನ ಎಲ್ಲಿದ್ದಿರಿ, ಏನು ಗುಡಿಸಿದಿರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ನಿಮ್ಮ ಅತ್ಯುತ್ತಮ ಅಂಕಿಯ ಶೇ. 80ಕ್ಕಿಂತ ಕೆಳಗೆ ಬಂದರೆ ಎಚ್ಚರಿಕೆ, ಶೇ. 50ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆ. ಎಲ್ಲಕ್ಕಿಂತ ಸಾಮಾನ್ಯವಾದ ಪ್ರಚೋದಕ ಮಾತ್ರ ಯಾವ ಊರಿನಲ್ಲಿಯೂ ನಿಮ್ಮನ್ನು ಬಿಡದು, ಅದು ನೆಗಡಿಯ ವೈರಸ್ಸು. ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ಔಷಧಿಗಳಲ್ಲಿಯೂ ಕೆಲವು ಕೆಲವರಿಗೆ ಆಗುವುದಿಲ್ಲ: ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು, ಮೈಗ್ರೇನಿಗೆ ಕೊಡುವ ಪ್ರೊಪ್ರನಲಾಲ್, ಕಣ್ಣಿನ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ. ಯಾವ ವೈದ್ಯರ ಬಳಿಗೆ ಹೋದರೂ ಅಸ್ತಮಾ ಇದೆಯೆಂದು ಮೊದಲೇ ಹೇಳಬೇಕು.

ಮೊಸರು, ಬಾಳೆಹಣ್ಣನ್ನು ತಿಂದಾಗೆಲ್ಲ ನಿಮಗೆ ತೊಂದರೆಯಾಗಿರುವುದು ಖಚಿತವಿಲ್ಲದಿದ್ದರೆ ಧಾರಾಳವಾಗಿ ತಿನ್ನಿ. ಅವಕ್ಕೆ ನಿಜವಾದ ಅಲರ್ಜಿ ಇರುವವರು ಕೆಲವೇ ಜನ.

ರಾಜೀನಾಮೆಯ ಪತ್ರವನ್ನು ಸದ್ಯಕ್ಕೆ ಕಳಿಸಬೇಡಿ. ಮೊದಲು ಸ್ಪೈರೊಮೆಟ್ರಿ ಎಂಬ ಉಸಿರಿನ ಪರೀಕ್ಷೆ ಮಾಡಿಸಿ. ಸಾಲ್ಬ್ಯುಟಮಾಲ್ ಕೊಡುವ ಮೊದಲು ಒಮ್ಮೆ, ಕೊಟ್ಟ ಮೇಲೆ ಇನ್ನೊಮ್ಮೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ. 12ರಷ್ಟು, ಜೊತೆಗೆ 200 ಮಿಲಿಲೀಟರಿನಷ್ಟು ಹೆಚ್ಚಿದರೆ ಅದು ಅಸ್ತಮಾದ ಕಡೆಗೆ ಬೆರಳು ತೋರಿಸುತ್ತದೆ. ನಿಮ್ಮದು ಅಸ್ತಮಾವೇ, ಇಲ್ಲ ಹೊಟ್ಟೆಯ ಆಮ್ಲ ಮೇಲೆ ಬರುವುದರಿಂದ ಆಗುವ ಕೆಮ್ಮೇ ಎಂಬುದು ಇತ್ಯರ್ಥವಾಗದೆ ಊರಿನ ಮಾತು ಬೇಡ. ಆಮೇಲೆ ಊತ ಇಳಿಸುವ ದಿನನಿತ್ಯದ ಇನ್ಹೇಲರ್ ಅನ್ನು ಸರಿಯಾದ ಕ್ರಮದಲ್ಲಿ, ಬಿಡದೆ, ಮೂರು ತಿಂಗಳು ಬಳಸಿ ನೋಡಿ. ಪ್ರಮಾಣವನ್ನು ಇಳಿಸುವುದಾದರೂ ವೈದ್ಯರು ಹೇಳಿದ ಮೇಲೆಯೇ ಇಳಿಸಿ. ಅಷ್ಟಾದ ಮೇಲೂ ಮಲೆನಾಡಿಗೇ ಬರಬೇಕೆನ್ನಿಸಿದರೆ ಸಂತೋಷದಿಂದ ಬನ್ನಿ, ಆದರೆ ಬೇಸಿಗೆಯಲ್ಲಿ ಬಂದು ಮನೆ ಒಪ್ಪಿಕೊಳ್ಳಬೇಡಿ. ಆಷಾಢದಲ್ಲಿ ಬಂದು ಗೋಡೆಗಳನ್ನು, ಬಚ್ಚಲ ಒಲೆಯ ಹೊಗೆ ಹೋಗುವ ದಿಕ್ಕನ್ನು ನೋಡಿ, ಅಲ್ಲಿಂದ ರಾತ್ರಿ ಹೊತ್ತು ಆಮ್ಲಜನಕ ಸಿಗುವ ಆಸ್ಪತ್ರೆ ಎಷ್ಟು ದೂರವೆಂದು ವಿಚಾರಿಸಿಕೊಂಡ ಮೇಲೆ ಮುಂಗಡ ಕೊಡಿ.